ಕ್ರಿಸ್‌ಮಸ್ ಹಿಂದಿನ ದಿನ ಹುಟ್ಟಿದವಳು

ಡಿಸೆಂಬರ್ ಕೊನೇ ವಾರದಲ್ಲಿ ಹುಟ್ಟಿದ ಮಕ್ಕಳಿರೋ ಅಪ್ಪ ಅಮ್ಮಂದಿರ ಪಾಡು ಅವರಿಗೇ ಗೊತ್ತು. ಶಿವಮೊಗ್ಗದ ನಮ್ಮ ಬೀದಿಯಲ್ಲಾಗಿದ್ದರೆ ಡಿಸೆಂಬರ್ 24 ಒಂದು ಮಾಮೂಲಿ ದಿನ. ಆದರೆ ಇಲ್ಲಿ ನ್ಯೂಜೆರ್ಸಿಯಲ್ಲಿ ಆವತ್ತು ಊರಿಗೆ ಊರೇ ಬೇರೊಬ್ಬರ ಹುಟ್ಟುಹಬ್ಬದ ತಯಾರಿಯಲ್ಲಿರುತ್ತೆ. ಅದೂ ನೂರಾರು ವರ್ಷದಿಂದ ನಡೆದು ಬಂದಿರೋ ಹುಟ್ಟುಹಬ್ಬ. ಅದರ ಮುಂದೆ ನಮ್ಮ ಮಗಳ ಕೇಕು ಎಲ್ಲಿ ನಿಲ್ಲಬೇಕು ಹೇಳಿ!

ಅವಳು ಹುಟ್ಟಿದ್ದು 2015ರ ಡಿಸೆಂಬರ್ 24ರ ರಾತ್ರಿ ಹನ್ನೊಂದಕ್ಕೆ. ಆ ವರ್ಷ ಚಳಿಗಾಲ ಎಲ್ಲೋ ದಾರಿ ತಪ್ಪಿತ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಆವತ್ತು 72 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 22 ಡಿಗ್ರಿ. ಆ ದಿನಾಂಕಕ್ಕೆ ಅದು ದಾಖಲೆ. ಸ್ವೆಟರ್ ಇಲ್ಲದೇ ಆಸ್ಪತ್ರೆಗೆ ಹೋಗಿದ್ದು ನೆನಪಿದೆ. ಊರಲ್ಲಿ ಆಗಲೇ 25ರ ಬೆಳಿಗ್ಗೆ ಒಂಬತ್ತೂವರೆ. ಹಾಗಾಗಿ ನಮ್ಮಮ್ಮನ ಪ್ರಕಾರ ಮಗು ಹುಟ್ಟಿದ್ದು 25ಕ್ಕೆ, ಇಲ್ಲಿನ ಕಾಗದದ ಪ್ರಕಾರ 24ಕ್ಕೆ. ಮೊದಲನೇ ದಿನದಿಂದಲೇ ತಕರಾರು :-)

ಅಂದಹಾಗೆ, ಅಮೆರಿಕದಲ್ಲಿ ಅತಿ ಕಡಿಮೆ ಮಕ್ಕಳು ಹುಟ್ಟೋ ದಿನಗಳಲ್ಲಿ ಡಿಸೆಂಬರ್ 24, 25 ಕೂಡ ಸೇರಿವೆ. ಕಾರಣ ತುಂಬಾ ಸರಳ. ಮೊದಲೇ ದಿನ ಗೊತ್ತು ಮಾಡಿ ಮಾಡೋ ಸಿಸೇರಿಯನ್‌ಗಳನ್ನ ಹಬ್ಬದ ದಿನ ಯಾರೂ ಇಟ್ಟುಕೊಳ್ಳಲ್ಲ, ಒಂದೆರಡು ದಿನ ಹಿಂದೆ ಮುಂದೆ ಮಾಡ್ತಾರೆ. ಹಾಗಾಗಿ ಆ ದಿನ ಬರೋರು ಹೆಚ್ಚಾಗಿ ಹೇಳದೇ ಕೇಳದೇ ಬರೋರು. ನಮ್ಮವಳೂ ಹಾಗೇ, ಹೇಳಿದ ದಿನಕ್ಕಿಂತ ಒಂಬತ್ತು ದಿನ ಮೊದಲು.

ಮಗು ಸಣ್ಣದಿದ್ದಾಗ ಏನೂ ಗೊತ್ತಾಗಲ್ಲ. ಕೇಕು ತಂದು, ಆರತಿ ಎತ್ತಿ, ಪಾಯಸ ಮಾಡಿ ಮುಗಿಸಿದರಾಯ್ತು. ತೊಂದರೆ ಶುರುವಾಗೋದು ಸ್ನೇಹಿತರು ಅಂತ ಆದಾಗ. ನಾಲ್ಕು ತುಂಬಿದಾಗ, 2019ರಲ್ಲಿ, 21ನೇ ತಾರೀಖು ಶನಿವಾರ ಹದಿನಾಲ್ಕು ಮಕ್ಕಳನ್ನ ಕರೆದಿದ್ವಿ. ಬಂದಿದ್ದು ಮೂರು. ಉಳಿದವರಲ್ಲಿ ಅರ್ಧ ಜನ ಬೆಂಗಳೂರು, ಹೈದರಾಬಾದು ವಿಮಾನದಲ್ಲಿ, ಇನ್ನರ್ಧ ಫ್ಲೋರಿಡಾದಲ್ಲಿ. ಯಾರದ್ದೂ ತಪ್ಪಲ್ಲ, ರಜ ಸಿಗೋದೇ ಆಗ. ಹನ್ನೊಂದು ರಿಟರ್ನ್ ಗಿಫ್ಟ್ ಚೀಲಗಳು ಯುಗಾದಿವರೆಗೂ ನಮ್ಮ ಕಪಾಟಿನಲ್ಲೇ ಇದ್ವು. ಮುಂದಿನ ವರ್ಷ 2020. ಆವಾಗ ಯಾರ ಮನೆಗೂ ಯಾರೂ ಹೋಗದ ಕಾಲ. ನಿಜ ಹೇಳಬೇಕಂದ್ರೆ ಅವಳಿಗೆ ಅದೇ ಒಳ್ಳೇ ವರ್ಷ, ಎಲ್ಲಾ ಮಕ್ಕಳ ಹುಟ್ಟುಹಬ್ಬವೂ ಅವಳದ್ದರ ಥರಾನೇ ಆಗಿತ್ತು.

ಆಮೇಲೆ ಉಡುಗೊರೆ ವಿಷಯ. "ಇದು ಎರಡಕ್ಕೂ ಸೇರಿಸಿ" ಅನ್ನೋ ಮಾತು ಈ ಮಕ್ಕಳು ಕೇಳಿದಷ್ಟು ಇನ್ಯಾರೂ ಕೇಳಿರಲ್ಲ. ಕಾಗದವೂ ಅಷ್ಟೇ, ಕೆಂಪು ಹಸಿರು, ಮೇಲೆ ಹಿಮಸಾರಂಗ. ನಾವು ಕ್ರಿಸ್‌ಮಸ್ ಮಾಡೋರಲ್ಲ. ಮಕ್ಕಳ ಖುಷಿಗೆ ಒಂದು ಸಣ್ಣ ಮರ ಇಟ್ಟು ದೀಪ ಹಾಕ್ತೀವಿ ಅಷ್ಟೇ. ಆದರೂ ಅವಳ ಹೆಸರು ಬರೆದ ಪೊಟ್ಟಣದ ಮೇಲೆ ಯಾವಾಗಲೂ ಸಾಂಟಾ ತಾತನ ಮುಖ.

ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಮಗುವಿಗೆ ಕಾಗದದ ಕಿರೀಟ ಹಾಕಿ ಟೀಚರ್ ಕುರ್ಚಿಯಲ್ಲಿ ಕೂರಿಸ್ತಾರೆ. ರಜದಲ್ಲಿ ಬರೋರಿಗೆಲ್ಲ ಸೇರಿಸಿ ಒಂದೇ ದಿನ ಕಿರೀಟ. ಆರು ತುಂಬೋ ಹೊತ್ತಿಗೆ ಇದೆಲ್ಲ ಅವಳ ತಲೆಯಲ್ಲಿ ಜಮಾ ಆಗಿತ್ತು ಅನ್ಸುತ್ತೆ. ಒಂದು ರಾತ್ರಿ ಮಲಗೋ ಮುಂಚೆ ಕೇಳಿದಳು, "ಅಮ್ಮಾ, ಎಲ್ರೂ ನನ್ನ ಬರ್ತ್‌ಡೇನ ಕ್ರಿಸ್‌ಮಸ್ ಈವ್ ಅಂತಾರೆ. ಅಂದ್ರೆ ಅದು ಬೇರೆ ಇನ್ನೊಂದು ದಿನದ ಹಿಂದಿನ ದಿನ ಅಷ್ಟೇನಾ?"

ಏನಂತ ಉತ್ತರ ಕೊಡ್ತೀರ? ನಾನು ದೀಪ ಆರಿಸಿ ತುಂಬಾ ಹೊತ್ತು ಪಕ್ಕದಲ್ಲೇ ಮಲಗಿದ್ದೆ.

ಇಲ್ಲಿನವರು ಇದಕ್ಕೆ ಕಂಡುಕೊಂಡಿರೋ ಉಪಾಯ ಅರ್ಧ ಹುಟ್ಟುಹಬ್ಬ. ಆರು ತಿಂಗಳಾದ ಮೇಲೆ ಜೂನ್ 24ಕ್ಕೆ ಪಾರ್ಟಿ ಮಾಡೋದು. 2022ರಲ್ಲಿ ಮಾಡಿದ್ವಿ. ಅಷ್ಟೊತ್ತಿಗೆ ಶಾಲೆ ಮುಗಿದಿತ್ತು, ಆದರೂ ಪಾರ್ಕಿನಲ್ಲಿ ಒಂಬತ್ತು ಮಕ್ಕಳು ಸೇರಿದ್ರು. ಚೆನ್ನಾಗೇ ಆಯ್ತು. ಎಲ್ಲರೂ ಹೋದ ಮೇಲೆ ಕಾರಿನಲ್ಲಿ ಅವಳ ತೀರ್ಪು ಬಂತು: "ಚೆನ್ನಾಗಿತ್ತು. ಆದ್ರೆ ಇವತ್ತು ನಾನು ಹುಟ್ಟಿಲ್ವಲ್ಲ."

ನಮ್ಮ ಮನೆಯವರು ಲೈಬ್ರರಿಯಿಂದ ಒಂದು ಕಥೆ ಹುಡುಕಿಕೊಂಡು ಬಂದ್ರು. 'ಟ್ರೆಷರ್ ಐಲ್ಯಾಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ಕಡೇ ವರ್ಷಗಳಲ್ಲಿ ಸಮೋವಾ ದ್ವೀಪದಲ್ಲಿದ್ದ. ಅಲ್ಲಿಗೆ ಕೆಲಸದ ಮೇಲೆ ಬಂದಿದ್ದ ಹೆನ್ರಿ ಐಡ್ ಅನ್ನೋ ಅಮೆರಿಕದ ಅಧಿಕಾರಿಯ ಮಗಳು ಆನಿ ಹುಟ್ಟಿದ್ದು ಕ್ರಿಸ್‌ಮಸ್ ದಿನವೇ. ನನಗೆ ಸರಿಯಾದ ಹುಟ್ಟುಹಬ್ಬವೇ ಇಲ್ಲ ಅನ್ನೋ ಅವಳ ಕೊರಗು ಕೇಳಿದ ಸ್ಟೀವನ್ಸನ್, 1891ರ ಜೂನ್ 19ಕ್ಕೆ ಥೇಟ್ ವಕೀಲರ ಭಾಷೆಯಲ್ಲಿ ದಾನಪತ್ರ ಬರೆದ. ನವೆಂಬರ್ 13, ಅಂದ್ರೆ ತನ್ನ ಹುಟ್ಟುಹಬ್ಬವನ್ನ, ಅವಳಿಗೆ ಬಿಟ್ಟುಕೊಟ್ಟ. ತನಗೆ ಇನ್ನು ಅದರ ಉಪಯೋಗವಿಲ್ಲ ಅಂತ ಕಾರಣ, ಸಾಕ್ಷಿಗಳ ಸಹಿ, ಎಲ್ಲಾ ಉಂಟು. ಷರತ್ತು ತಪ್ಪಿದರೆ ಆ ಹಕ್ಕು ಅಮೆರಿಕದ ಅಧ್ಯಕ್ಷರಿಗೆ ಹೋಗುತ್ತೆ ಅಂತಲೂ ಇದೆ! ಕಥೆ ಕೇಳಿ ನಮ್ಮವಳು ನಕ್ಕಳು. ಆಮೇಲೆ, "ಹಾಗಾದ್ರೆ ಆ ತಾತನಿಗೆ ಬರ್ತ್‌ಡೇನೇ ಇಲ್ವಾ?" ಅಂತ ಬೇಜಾರೂ ಮಾಡಿಕೊಂಡಳು. ಬೇರೆಯವರ ದಿನ ಅವಳಿಗೆ ಬೇಕಿರಲಿಲ್ಲ.

ದಾರಿ ತೋರಿಸಿದ್ದು ನಮ್ಮಮ್ಮ. ನಮ್ಮ ಕಡೆಯವರು ಹುಟ್ಟಿದ ತಾರೀಖಿಗೆ ಯಾವತ್ತೂ ಅಷ್ಟು ಬೆಲೆ ಕೊಟ್ಟೋರಲ್ಲ. ನಮ್ಮಪ್ಪ ಹುಟ್ಟಿದ್ದು ಶ್ರಾವಣದಲ್ಲಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು ಜೂನ್ 1. ಅವರ ಓರಗೆಯ ಎಷ್ಟೋ ಜನರದ್ದು ಜೂನ್ 1. ಹಾಗಾಗಿಯೇ ನಮ್ಮಲ್ಲಿ ಮೇ 31 ಬಂತಂದ್ರೆ ಒಂದೊಂದು ಆಫೀಸಲ್ಲೂ ಸಾಲಾಗಿ ನಿವೃತ್ತಿ ಸಮಾರಂಭ. ಅಮ್ಮ 2022ರ ನವೆಂಬರಿನಲ್ಲಿ ಇಲ್ಲಿಗೆ ಬಂದವರು ಪಂಚಾಂಗ ಬಿಡಿಸಿ, "ಕೂಸು ಹುಟ್ಟಿದ್ದು ಮಾರ್ಗಶಿರದ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ. ಅದು ಕ್ರಿಸ್‌ಮಸ್ಸಿಗೆ ಅಂಟಿಕೊಂಡೇ ಬರಬೇಕು ಅಂತ ಎಲ್ಲಿದೆ?" ಅಂದ್ರು. ಆ ವರ್ಷ ಹುಣ್ಣಿಮೆ ಡಿಸೆಂಬರ್ 7ಕ್ಕೇ ಬಿದ್ದಿತ್ತು. ಶಾಲೆ ಇದೆ, ಸ್ನೇಹಿತರು ಊರಲ್ಲೇ ಇದ್ದಾರೆ, ಅಂಗಡಿಯಲ್ಲಿ ಕೇಕೂ ಸಿಗುತ್ತೆ!

ಬೆಳಿಗ್ಗೆ ಎಣ್ಣೆನೀರು ಆಯ್ತು. ಈ ಅಪಾರ್ಟ್‌ಮೆಂಟಿಗೆ ಮರದ ಹೊಸ್ತಿಲು ಎಲ್ಲಿಂದ ಬರಬೇಕು, ಬಾಗಿಲ ಕೆಳಗಿನ ಕಬ್ಬಿಣದ ಪಟ್ಟಿಗೇ ಅರಿಶಿನ ಕುಂಕುಮ ಹಚ್ಚಿದರು. ಶನಿವಾರ ಹನ್ನೆರಡು ಮಕ್ಕಳು ಬಂದ್ರು. ಅವಳಿಗೆ ಬೇಕಾಗಿದ್ದೂ ಇದೇ. ಇದು ಯಾರೋ ಹೊಂದಿಸಿಕೊಟ್ಟ ದಿನವಲ್ಲ, ನಿಜವಾಗಿ ಹುಟ್ಟಿದ ಹುಣ್ಣಿಮೆ. ಚಂದ್ರನನ್ನ ತೋರಿಸಿ ಸ್ನೇಹಿತರಿಗೆಲ್ಲ ಅವಳೇ ವಿವರಣೆ ಕೊಟ್ಟಳು.

ಎಲ್ಲಾ ವರ್ಷವೂ ಹೀಗೇ ಕೂಡಿ ಬರುತ್ತೆ ಅಂತಲ್ಲ. 2023ರಲ್ಲಿ ಹುಣ್ಣಿಮೆ ಬಂದಿದ್ದು ಡಿಸೆಂಬರ್ 26ಕ್ಕೆ, ಚಂದ್ರನೂ ಕೈಕೊಟ್ಟ. ಆ ವರ್ಷ ನಾವು ನಾಲ್ಕೇ ಜನ 24ರ ಸಂಜೆ ಚೈನೀಸ್ ಹೋಟೆಲಿಗೆ ಹೋದ್ವಿ, ಆ ಹೊತ್ತಲ್ಲಿ ತೆಗೆದಿರೋದು ಅದೊಂದೇ. ಆವತ್ತೇ ಅವಳೊಂದು ಕಾನೂನು ಮಾಡಿದಳು. 24ನೇ ತಾರೀಖು ಮಧ್ಯಾಹ್ನ ಊಟದವರೆಗೂ ಮನೆಯಲ್ಲಿ ಯಾರೂ 'ಈವ್' ಅನ್ನಬಾರದು, ಮರದ ದೀಪ ಹಾಕಬಾರದು. ಊಟ ಆದ ಮೇಲೆ ಸ್ವಿಚ್ ಅವಳೇ ಒತ್ತುತ್ತಾಳೆ. ಇವತ್ತಿಗೂ ಅದು ಜಾರಿಯಲ್ಲಿದೆ. 2025ರಲ್ಲಿ ಹತ್ತು ತುಂಬಿತು, ಹುಣ್ಣಿಮೆ ಡಿಸೆಂಬರ್ 4ಕ್ಕೆ ಬಂದಿತ್ತು.

ನಿಮ್ಮ ಮನೇಲೂ ಇಂಥ ಮಗು ಇದ್ದರೆ ನನ್ನದು ಒಂದೆರಡೇ ಮಾತು. ಉಡುಗೊರೆ ಸಣ್ಣದಾದರೂ ಬೇರೆ ಬೇರೆ ಇರಲಿ. ಕಾಗದ ಹೂವಿನದ್ದೋ ಬಲೂನಿನದ್ದೋ ಇರಲಿ, ಬೇಕಿದ್ದರೆ ಅಕ್ಟೋಬರಿನಲ್ಲೇ ತಂದಿಟ್ಟುಕೊಳ್ಳಿ. ದಿನ ಬದಲಾಯಿಸೋ ಮುಂಚೆ ಮಗುವನ್ನ ಒಂದು ಮಾತು ಕೇಳಿ.

ಇನ್ನೊಂದು ವಿಷಯ. ಚಂದ್ರ ಸೂರ್ಯರ ಲೆಕ್ಕ ಹತ್ತೊಂಬತ್ತು ವರ್ಷಕ್ಕೊಮ್ಮೆ ಹೆಚ್ಚೂ ಕಡಿಮೆ ಕೂಡುತ್ತಂತೆ. 2015ರ ಹಾಗೆ ಡಿಸೆಂಬರ್ 25ಕ್ಕೆ ಮತ್ತೆ ಹುಣ್ಣಿಮೆ ಬರೋದು 2034ರಲ್ಲಿ. ಆಗ ಅವಳಿಗೆ ಹತ್ತೊಂಬತ್ತು, ಯಾವ ಊರಿನ ಕಾಲೇಜಿನಲ್ಲಿರ್ತಾಳೋ. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಾಳೆ, ಆವತ್ತು ಎಲ್ಲಿದ್ದರೂ ಮನೆಗೆ ಬರ್ತಾಳಂತೆ. ಅವತ್ತೂ ಊಟ ಆಗೋವರೆಗೆ ದೀಪ ಹಾಕೋ ಹಾಗಿಲ್ಲವಂತೆ.