ಬೇರೆಯವರ ಕಾರ್ಡು

ನಮ್ಮ ಕಡೆ ಕಾರ್ಡು ಅಂದರೆ ಬಹಳ ಕಾಲ ರೇಷನ್ ಕಾರ್ಡೇ. ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟು ಸೊಸೈಟಿಗೆ ಕಳಿಸಿದರೆ ಅಕ್ಕಿ, ಸೀಮೆಎಣ್ಣೆ ಮನೆಗೆ ಬರುತ್ತಿತ್ತು. ಹೆಬ್ಬೆಟ್ಟಿನ ಯಂತ್ರ ಬರುವ ತನಕ ಯಾರ ಕಾರ್ಡು ಯಾರ ಕೈಲಿದೆ ಎಂದು ಕೇಳಿದವರಿಲ್ಲ. ಆ ಸಲಿಗೆಯಲ್ಲೇ ಬ್ಯಾಂಕಿನ ಕಾರ್ಡನ್ನೂ ನೋಡಿದ್ದು ನನ್ನ ತಪ್ಪು.

2020ರ ಮಾರ್ಚ್ ಕೊನೆಗೆ ದೆಹಲಿಯಲ್ಲೊಂದು ಮದುವೆ ಇತ್ತು, ವಿಮಾನದ ಟಿಕೆಟ್ ಮಾಡಿಸಬೇಕಿತ್ತು. ನನ್ನ ಕಾರ್ಡು ಎಟಿಎಂ ಬಿಟ್ಟರೆ ಬೇರೆಲ್ಲೂ ನಡೆಯದ್ದು. ಜೊತೆಯ ಮೇಷ್ಟ್ರೊಬ್ಬರು, "ನನ್ನದ್ರಲ್ಲಿ ಹಾಕ್ಸಿ, ಅದಕ್ಕೇನಂತೆ" ಎಂದರು. ನಾನು ಅಂಗಡಿಯಲ್ಲಿ, ಅವರು ತೋಟದಲ್ಲಿ, ಓಟಿಪಿ ಅವರ ಫೋನಿನಲ್ಲಿ. ನೆಟ್‌ವರ್ಕ್ ಸಿಕ್ಕುವ ಬದುವಿಗೆ ಹತ್ತಿ ಅವರು ನಂಬರು ಓದುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಮೂರನೇ ಸಲಕ್ಕೆ ಟಿಕೆಟ್ ಆಯಿತು. ಸಂಜೆಯೇ ನೋಟು ಎಣಿಸಿಕೊಟ್ಟೆ. ಕೈಗಡ ತೀರಿತು ಅಂದುಕೊಂಡೆ.

ಮಾರ್ಚ್ 25ರಿಂದ ವಿಮಾನಗಳೇ ನಿಂತವು. ಹಣ ವಾಪಸು ಬರುವುದು ಪ್ರಯಾಣಿಕನಿಗಲ್ಲ, ಕಟ್ಟಿದ ಕಾರ್ಡಿಗೆ ಎಂದು ಗೊತ್ತಾದದ್ದು ಆಗ. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಲಾಕ್‌ಡೌನಿನ ಟಿಕೆಟ್ ಹಣದ ಬಗ್ಗೆ ತೀರ್ಪು ಕೊಟ್ಟ ಮೇಲೆ ನಾನು ದಿನಾ ಆ ಮೇಷ್ಟ್ರ ಮುಖ ನೋಡತೊಡಗಿದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೂರು ತಿಂಗಳು ಒಳಗೊಳಗೇ ಅವರನ್ನು ಕಳ್ಳನನ್ನಾಗಿ ಮಾಡಿದ್ದೆ. ಆಮೇಲೆ ನೋಡಿದರೆ ಹಣ ಎಂದೋ ಬಂದು ಅವರ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ವಜಾ ಆಗಿಹೋಗಿತ್ತು; ಅವರಿಗೂ ಗೊತ್ತಿರಲಿಲ್ಲ. "ಈ ತಿಂಗಳು ಬಿಲ್ ಕಮ್ಮಿ ಬಂತಲ್ಲ ಅಂತ ಖುಷಿಪಟ್ಟಿದ್ದೆ ಕಣ್ರೀ" ಎಂದು ನಕ್ಕು ಕೊಟ್ಟರು.

ಇಷ್ಟೆಲ್ಲ ಕಲಿತಿದ್ದಕ್ಕೇ ಇರಬೇಕು, ಟಿಬೆಟನ್ ಕ್ಯಾಂಪಿನ ಅಜ್ಜಿ ತಮ್ಮ ಟಿಕೆಟ್ ಹಿಡಿದು ನನ್ನ ಹತ್ತಿರವೇ ಬಂದರು. 1960ರ ಸುಮಾರಿಗೆ ಮೈಸೂರು ಸರ್ಕಾರ ಟಿಬೆಟನ್ನರಿಗೆ ಇಲ್ಲಿ ಬೈಲಕುಪ್ಪೆಯಲ್ಲಿ ಮೂರು ಸಾವಿರ ಎಕರೆಯಷ್ಟು ಕಾಡು ಕೊಟ್ಟಿತಲ್ಲ, ಆ ಮೊದಲ ವರ್ಷಗಳಲ್ಲಿ ಬಂದ ಮಗು ಅವರು. ಮುಸುಕಿನ ಜೋಳದ ವ್ಯಾಪಾರಿಗಳ ಜೊತೆ ಜಗಳವಾಡಿ ಕನ್ನಡ ಕಲಿತವರು. (ಜಗಳದಲ್ಲಿ ಕಲಿತ ಭಾಷೆ ಮರೆಯುವುದಿಲ್ಲ.) ಮೊಮ್ಮಗಳು ಟೊರಾಂಟೊದಲ್ಲಿದ್ದಾಳೆ. ಪಾಸ್‌ಪೋರ್ಟಿನ ಜಾಗದಲ್ಲಿ ಇವರಿಗಿರುವ ಹಳದಿ ಪುಸ್ತಕಕ್ಕೆ ವೀಸಾ ಹತ್ತಿಸಿಕೊಳ್ಳುವುದೇ ಒಂದು ತಪಸ್ಸು, ಅದು ಮುಗಿದಿತ್ತು. ಮೊಮ್ಮಗಳು ತನ್ನ ಕಾರ್ಡಿನಲ್ಲಿ ಟಿಕೆಟ್ ಮಾಡಿಸಿದ್ದಳು. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಮಾತು: ಹಣ ಕಟ್ಟಿದ ಕಾರ್ಡನ್ನು ಕೌಂಟರಿನಲ್ಲಿ ತೋರಿಸಬೇಕಾಗಬಹುದು, ಕಾರ್ಡಿನವರು ಜೊತೆಗಿಲ್ಲದಿದ್ದರೆ ಅವರ ಸಹಿಯಿರುವ ಪ್ರತಿ, ಒಪ್ಪಿಗೆ ಪತ್ರ.

ಕಾರ್ಡು ಟೊರಾಂಟೊದಲ್ಲಿ, ಅಜ್ಜಿ ಬೈಲಕುಪ್ಪೆಯಲ್ಲಿ, ವಿಮಾನ ಬೆಂಗಳೂರಿನಲ್ಲಿ.

"ಅವಳ ದುಡ್ಡು, ಅವಳೇ ಕೊಟ್ಟಿದ್ದು. ಇವ್ರಿಗೇನ್ ಕಷ್ಟ ಮೇಷ್ಟ್ರೇ?"

ಕಷ್ಟ ಇದೆ. ನಮ್ಮ ದೇಶದ ಕಾರ್ಡುಗಳಿಗೆ 2009ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕು ಎರಡನೇ ಬೀಗ ಹಾಕಿಸಿದೆ. ತೋಟದ ಬದು ಹತ್ತಿಸಿದ ಓಟಿಪಿ ಅದೇ. ಹೊರದೇಶದ ಕಾರ್ಡಿಗೆ ಎಷ್ಟೋ ಕಡೆ ಆ ಬೀಗವಿಲ್ಲ, ನಂಬರು ಗೊತ್ತಿದ್ದರೆ ಸಾಕು. ಕದ್ದ ನಂಬರಿನಲ್ಲಿ ಟಿಕೆಟ್ ಕೊಂಡು ಅಗ್ಗಕ್ಕೆ ಮಾರುವವರಿದ್ದಾರೆ. ಕಾರ್ಡಿನ ಒಡೆಯ ತಿಂಗಳ ಮೇಲೆ "ನಾನು ಕೊಂಡಿಲ್ಲ" ಎಂದಾಗ ಬ್ಯಾಂಕು ವಿಮಾನದವರಿಂದ ಹಣ ಕಿತ್ತುಕೊಳ್ಳುತ್ತದೆ. ಪ್ರಯಾಣಿಕ ಅಷ್ಟರಲ್ಲಿ ಇಳಿದು ಹೋಗಿರುತ್ತಾನೆ. ಇಂಥವರನ್ನು ನಿಲ್ದಾಣದಲ್ಲೇ ಹಿಡಿಯಲು ಯೂರೋಪೋಲ್ ಹಲವು ದೇಶಗಳ ಪೊಲೀಸರನ್ನು ಕೂಡಿಸಿ ಕಾರ್ಯಾಚರಣೆಗಳನ್ನೇ ನಡೆಸಿದೆ. ಅಜ್ಜಿಗೆ ಇದನ್ನು ಹೇಳಿದೆ. "ನನ್ನ ನೋಡಿದ್ರೆ ಕಳ್ಳಿ ಥರ ಇದೀನಾ?" ಎಂದರು. ಮೇಷ್ಟ್ರ ಮುಖ ನೆನಪಾಗಿ ನಾನು ಸುಮ್ಮನಾದೆ.

ಮೊಮ್ಮಗಳು ವಾಟ್ಸಾಪಿನಲ್ಲಿ ಕಾರ್ಡಿನ ಫೋಟೋ ಕಳಿಸಿದಳು, ಹದಿನಾರು ಅಂಕಿಯೂ ಹಲ್ಲು ಬಿಟ್ಟುಕೊಂಡು. ಅಳಿಸಲು ಹೇಳಿದೆ. ಕೊನೆಯ ನಾಲ್ಕು ಕಾಣಲಿ, ನಡುವಿನವು ಬೇಡ. ಹಿಂಬದಿಯ ಮೂರು ಅಂಕಿ ಯಾರಿಗೂ ಬೇಡ. ಎರಡನೇ ಫೋಟೋದಲ್ಲಿ ನಡುವಿನ ಅಂಕಿಗಳ ಮೇಲೆ ಹೆಬ್ಬೆರಳಿಟ್ಟಿದ್ದಳು. ಹೆಸರಿನಿಂದ ಇಂಥವರೇ ಎಂದು ಹೇಳುವುದು ನಮ್ಮೂರಲ್ಲಿ ಕಷ್ಟ. ದಲೈಲಾಮಾ ತಮ್ಮ ಹೆಸರಿನದೇ ಭಾಗವನ್ನು ಮಕ್ಕಳಿಗೆ ಇಡುವುದರಿಂದ 'ತೆನ್ಜಿನ್' ಎಂದು ಕೂಗಿದರೆ ಅರ್ಧ ರಸ್ತೆ ತಿರುಗಿ ನೋಡುತ್ತದೆ. ಅಜ್ಜಿ ಕಾರ್ಡಿನ ಮೇಲಿನ ಹೆಸರನ್ನು ನೋಡಲೇ ಇಲ್ಲ. ಫೋನನ್ನು ಕಣ್ಣ ಹತ್ತಿರ ತಂದು, "ಅವಳದೇ. ಜೋಳ ಕೊಯ್ಯೋವಾಗ ಕುಡುಗೋಲು ತಾಗಿದ್ದು ನೋಡಿ" ಎಂದು ಹೆಬ್ಬೆರಳ ಗೆರೆ ತೋರಿಸಿದರು.

ಪ್ರಿಂಟ್ ಹಾಕಿಸಿ, ಒಪ್ಪಿಗೆ ಪತ್ರದ ಜೊತೆ ಪಿನ್ ಮಾಡಿ ಕೊಟ್ಟೆ.

ವಾರದ ಮೇಲೆ ಟೊರಾಂಟೊದಿಂದ ಫೋನು. ಕೌಂಟರಿನಲ್ಲಿ ಕೇಳಿದರಾ ಅಂದೆ.

"ಕೇಳ್ಲೇ ಇಲ್ಲ ಮೇಷ್ಟ್ರೇ. ನಾನೇ ತೋರಿಸ್ದೆ."