ಕಡಲಿಲ್ಲದ ಸೀಮೆಯ ಮರಳ ತೀರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲ್ಲೂಕುಗಳಿಗೆ ಕಡಲಿನ ಸೋಂಕಿಲ್ಲ. ಮರಳ ತೀರದ ಪಾಠ ಬಂದೊಡನೆ ಇಲ್ಲಿಯ ವಿದ್ಯಾರ್ಥಿಗಳು ಮಲ್ಪೆ, ಮರವಂತೆಗಳ ಕನಸು ಕಾಣುವುದು ಸಹಜವೇ. ಆದರೆ ಕಡಲ ದಂಡೆಯ ಮರಳಿನ ಬಹುಭಾಗ ಹುಟ್ಟುವುದು ಬೆಟ್ಟಗಳಲ್ಲಿ. ಅದನ್ನು ಹೊತ್ತೊಯ್ಯುವುವು ನದಿಗಳು. ಬೆಟ್ಟವೂ ನದಿಯೂ ನಮ್ಮ ಮನೆಬಾಗಿಲಲ್ಲೇ ಇರುವಾಗ ಪಾಠವನ್ನು ಇಲ್ಲಿಂದಲೇ ತೊಡಗಬಾರದೇಕೆ? ನಮ್ಮ ಕಾಲೇಜಿನ ಭೂಗೋಳದ ಅಧ್ಯಾಪಕರು ಹೀಗೆಂದು ವಿದ್ಯಾರ್ಥಿಗಳನ್ನು ಅರ್ಕಾವತಿಯ ದಡಕ್ಕೆ ಹೊರಡಿಸಿದಾಗ, ಕನ್ನಡ ಪಾಠ ಹೇಳುವ ನಾನೂ ಜೊತೆಗೂಡಿದೆನು.

ಕ್ಷೇತ್ರಕಾರ್ಯವೆಂದರೆ ವನಭೋಜನವಲ್ಲ. ಮೊದಲು ಪ್ರಶ್ನೆ ಬೇಕು; ಆಮೇಲೆ ಪ್ರಯಾಣ. ಮೇಲಿನಿಂದ ಕೆಳಕ್ಕೆ ಸಾಗಿದಂತೆ ಮರಳಿನ ಕಾಳು ಹೇಗೆ ಬದಲಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ. ಅಳತೆಯ ಟೇಪು, ಗೂಟ, ಹಗ್ಗ, ಮೂರು ಬಗೆಯ ಜರಡಿ, ಭೂತಕನ್ನಡಿ, ಹೆಸರು ಬರೆದ ಬಟ್ಟೆಯ ಚೀಲಗಳು - ಇವಿಷ್ಟೇ ಸಲಕರಣೆ. ಮಳೆಗಾಲ ಕಳೆದು ನೀರು ಇಳಿದ ಫೆಬ್ರವರಿಯನ್ನು ಆರಿಸಿಕೊಂಡೆವು. ಸಂಗಮವು ಕಾವೇರಿ ವನ್ಯಧಾಮದೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆದಿದ್ದಾಯಿತು. ಅಲ್ಲಿ ಸುಳಿಗಳೂ ಉಂಟು, ಮೊಸಳೆಗಳೂ ಉಂಟು. ಆದ್ದರಿಂದ ಯಾರೂ ನೀರಿಗಿಳಿಯಕೂಡದೆಂಬುದು ಮೊದಲ ಕಟ್ಟಳೆ.

ಮಾಗಡಿಯ ಸಾವನದುರ್ಗದ ಬುಡದಲ್ಲಿ ಕೆಲಸ ಆರಂಭವಾಯಿತು. ಇದು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲಾಪಟ್ಟಿ. ವಯಸ್ಸು ಸುಮಾರು 250 ಕೋಟಿ ವರ್ಷ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರನ್ನು ಈ ಕಲ್ಲು ಇಂದಿಗೂ ಹೊತ್ತಿದೆ. ಬಿಸಿಲು ಮಳೆಗಳಿಗೆ ಬಂಡೆ ಸಡಿಲಗೊಂಡು ಉದುರಿದ ಪುಡಿಯಲ್ಲಿ ಗಾಜಿನಂಥ ಬೆಣಚು, ಕೆಂಬಣ್ಣದ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ ಮೂರೂ ಕಂಡವು. ಕಾಳುಗಳು ಜೋಳದಷ್ಟು ದಪ್ಪ; ಅಂಚು ಇನ್ನೂ ಚೂಪು.

ರಾಮನಗರದಲ್ಲಿ ನದಿಗಿಳಿದರೆ ಜೊಂಡು ಮತ್ತು ಕೆಸರೇ ಹೆಚ್ಚು. ಚೀಲ ತುಂಬುವಷ್ಟು ಮರಳಿಗೆ ಬಹಳ ಹುಡುಕಬೇಕಾಯಿತು. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮ ಜರಡಿಯನ್ನು ನೋಡಿ ನಕ್ಕರು: “ಮರಳು ಹುಡುಕ್ತೀರಾ ಸ್ವಾಮಿ? ನಾವು ಹುಡುಗ್ರಾಗಿದ್ದಾಗ ಮೊಳದುದ್ದ ತೋಡಿದ್ರೆ ಒರತೆ ನೀರು ಉಕ್ಕೋದು. ಈಗ ಮರಳೂ ಹೋಯ್ತು, ಒರತೇನೂ ಹೋಯ್ತು.”

ಪಾಠಪುಸ್ತಕದಲ್ಲಿ ಒಂದು ಪುಟ ಹಿಡಿಯುವ ವಿಷಯವನ್ನು ಆ ಹಿರಿಯರು ಎರಡು ಮಾತಿನಲ್ಲಿ ಮುಗಿಸಿದ್ದರು. ಕಾಳುಕಾಳಿನ ನಡುವಣ ಸಂದಿನಲ್ಲಿ ನೀರು ನಿಲ್ಲುತ್ತದೆ, ಸೋಸಿಕೊಳ್ಳುತ್ತದೆ. ಮರಳು ನದಿಯ ಉಗ್ರಾಣ. ಅದು ಬರಿದಾದದ್ದಕ್ಕೆ ಕಾರಣ ಒಂದಲ್ಲ. ಮೇಲ್ಗಡೆ 1933ರ ತಿಪ್ಪಗೊಂಡನಹಳ್ಳಿ ಜಲಾಶಯ, ಅದರ ಕೆಳಗೆ ಮಂಚನಬೆಲೆ. ಹೊಳೆ ತಂದ ಮರಳು ಅಲ್ಲೇ ತಳ ಸೇರುತ್ತದೆ. ಚನ್ನಪಟ್ಟಣದ ಕಡೆ 1946ರ ಕಣ್ವ ಜಲಾಶಯದ ಕಥೆಯೂ ಇದೇ. ಉಳಿದದ್ದರಲ್ಲಿ ಮನೆ ಕಟ್ಟಲೆಂದು ಲಾರಿಯೇರಿ ಹೋದದ್ದೆಷ್ಟೋ.

ಕನಕಪುರವನ್ನು ದಾಟಿ, ಹಾರೋಬೆಲೆ ಅಣೆಕಟ್ಟನ್ನು ಹಿಂದಿಟ್ಟು ಸಂಗಮಕ್ಕೆ ಬಂದಾಗ ಹುಡುಗರ ಮುಖ ಅರಳಿತು. ಅರ್ಕಾವತಿ ಕಾವೇರಿಯನ್ನು ಕೂಡುವ ಈ ಎಡೆಯಲ್ಲಿ ಕಡಲ ದಂಡೆಯನ್ನು ನೆನಪಿಸುವ ಮರಳ ಹಾಸು ಇದೆ. ನೀರಂಚಿನಿಂದ ಮರಗಳ ಸಾಲಿನವರೆಗೆ ಹಗ್ಗ ಬಿಗಿದು, ಹತ್ತು ಹೆಜ್ಜೆಗೊಮ್ಮೆ ಗೂಟ ನೆಟ್ಟು, ಇಳಿಜಾರನ್ನು ಅಳೆದು, ಪ್ರತಿ ಗೂಟದ ಬಳಿಯೂ ಹಿಡಿ ಮರಳನ್ನು ಜರಡಿಯಾಡಿದರು. ಕಾಳು ರವೆಯಷ್ಟು ಸಣ್ಣದಾಗಿತ್ತು, ಅಂಚು ಮೊಂಡಾಗಿತ್ತು. ಕೆಂಬಣ್ಣವೂ ಕಡಮೆಯಾಗಿತ್ತು, ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಕರಗಿ ಜೇಡಿಯಾಗುತ್ತದೆ, ಗಟ್ಟಿ ಬೆಣಚು ಉಳಿಯುತ್ತದೆ. ಕಾವೇರಿಯ ಮರಳೂ ಇಲ್ಲಿ ಬೆರೆತಿರುವುದರಿಂದ ಎರಡು ಹೊಳೆಗಳ ಚೀಲಗಳನ್ನು ಬೇರೆಬೇರೆಯಾಗಿ ಕಟ್ಟಿದೆವು.

“ಇದು ಇಲ್ಲಿಂದ ಸಮುದ್ರ ಸೇರುವುದೇ ಸಾರ್?” ಎಂದಳು ಒಬ್ಬ ವಿದ್ಯಾರ್ಥಿನಿ. ಹಿಂದೆ ಸೇರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಂದಿನಿಂದ ಈ ಮರಳಿನ ಪಯಣ ಬಹುಮಟ್ಟಿಗೆ ಅಲ್ಲಿಗೇ ನಿಂತಿದೆ. ಬಂಗಾಳಕೊಲ್ಲಿಯ ಅಲೆ ಕೊಚ್ಚಿಕೊಂಡು ಹೋದುದನ್ನು ತುಂಬಿಕೊಡಲು ಹೊಳೆ ಹಿಂದಿನಂತೆ ಕಳುಹಿಸಲಾರದು.

ಇತ್ತ, ಹೊಳೆಯ ಮರಳು ಸಾಲದೆಂದು ಕಲ್ಲನ್ನೇ ಯಂತ್ರಕ್ಕಿಟ್ಟು ಅರೆದು ‘ಎಂ-ಸ್ಯಾಂಡ್’ ಮಾಡುತ್ತೇವೆ. ಮಳೆ ಬಿಸಿಲುಗಳು ಯುಗಗಳ ಕಾಲ ನಡೆಸಿದ ಕೆಲಸ ಈಗ ಕ್ಷಣದಲ್ಲಿ ಮುಗಿಯುತ್ತದೆ. ಗೋಡೆಯೇನೋ ಏಳುತ್ತದೆ, ಒರತೆ ಮಾತ್ರ ಹುಟ್ಟುವುದಿಲ್ಲ.

ಮಲ್ಪೆಗೆ ಹೋಗಬೇಡಿರೆಂದು ನಾನು ಹೇಳುವವನಲ್ಲ. ಹೋಗುವ ಮುನ್ನ ಸಾವನದುರ್ಗದ ಬುಡದಿಂದ ಒಂದು ಹಿಡಿ, ಸಂಗಮದಿಂದ ಒಂದು ಹಿಡಿ ಕಟ್ಟಿಕೊಂಡು ಹೋಗಿರಿ. ಕಡಲ ದಂಡೆಯಲ್ಲಿ ಮೂರನ್ನೂ ಪಕ್ಕಪಕ್ಕದಲ್ಲಿ ಸುರಿದು ನೋಡಿದವನಿಗೆ ಭೂಗೋಳವನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ.