ನಾಲ್ಕು ರೆಕ್ಕೆಯ ಜೀವಿಯ ಊರಿನಲ್ಲಿ

ಚೀನಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಹಾಗೋಡೆ, ಬೀಜಿಂಗ್‌ನ ಅರಮನೆಗಳು, ಇಲ್ಲವೇ ನಮ್ಮ ಪೇಟೆಯ ಅಂಗಡಿಗಳಲ್ಲಿ ತುಂಬಿರುವ ಆಟಿಕೆಗಳು. ಆದರೆ ಆ ದೇಶದ ಈಶಾನ್ಯಕ್ಕಿರುವ ಲಿಯಾವೋನಿಂಗ್ ಪ್ರಾಂತ್ಯದ ಪಶ್ಚಿಮ ಭಾಗದಲ್ಲಿ ಚಾವೋಯಾಂಗ್ ಎಂಬ ಊರಿದೆ. ಬೀಜಿಂಗ್‌ನಿಂದ ವೇಗದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ನೀವು ಅಲ್ಲಿರುತ್ತೀರಿ. 'ಜಗತ್ತಿನ ಮೊದಲ ಹಕ್ಕಿ ಹಾರಿದ, ಮೊದಲ ಹೂವು ಅರಳಿದ ಊರು ನಮ್ಮದು' ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರ ಅಭಿಮಾನದ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರುವುದು ಸಹಜ. ಅತ್ಯಂತ ಹಳೆಯ ಹಕ್ಕಿಯೆಂದು ಪ್ರಸಿದ್ಧವಾದ ಆರ್ಕಿಯೋಪ್ಟರಿಕ್ಸ್‌ನ ಪಳೆಯುಳಿಕೆ ದೊರೆತದ್ದು ಜರ್ಮನಿಯಲ್ಲಿ, 1861ರಲ್ಲಿ. ಆದರೂ ಹಕ್ಕಿಗಳ ಕಥೆಯನ್ನು ಚಾವೋಯಾಂಗ್‌ನ ಬೆಟ್ಟಗಳಷ್ಟು ವಿವರವಾಗಿ ಹೇಳುವ ಸ್ಥಳ ಬೇರೊಂದು ಸಿಗುವುದು ಕಷ್ಟ.

ಊರಿನಿಂದ ಹೊರಬಂದರೆ ಕಾಣುವುದು ಒಣ ಬೆಟ್ಟಗಳು. ಚಳಿಗಾಲ ಬಹಳ ಕಠಿಣ. ಹೊಲಗಳಲ್ಲಿ ಮೆಕ್ಕೆಜೋಳ, ನವಣೆ. ನವಣೆಯನ್ನು ಕಂಡಾಗ ಉತ್ತರ ಕರ್ನಾಟಕದ ಓದುಗರಿಗೆ ತಮ್ಮ ಊರೇ ನೆನಪಾದೀತು. ಆದರೆ ಹನ್ನೆರಡು ಕೋಟಿ ವರ್ಷಗಳ ಹಿಂದೆ ಇಲ್ಲಿ ಕಾಡು ಮತ್ತು ಸರೋವರಗಳಿದ್ದವು, ಸುತ್ತ ಜ್ವಾಲಾಮುಖಿಗಳಿದ್ದವು. ಸತ್ತ ಜೀವಿಗಳು ಸರೋವರದ ತಳ ಸೇರಿದವು. ನುಣುಪಾದ ಕೆಸರು ಮತ್ತು ಜ್ವಾಲಾಮುಖಿಯ ಬೂದಿ ಅವುಗಳ ಮೇಲೆ ಪದರ ಪದರವಾಗಿ ಕುಳಿತವು. ಆದ್ದರಿಂದಲೇ ಇಲ್ಲಿ ಮೂಳೆ ಮಾತ್ರವಲ್ಲ, ಗರಿ, ಚರ್ಮ, ಕೆಲವೊಮ್ಮೆ ಹೊಟ್ಟೆಯಲ್ಲಿದ್ದ ಕೊನೆಯ ಊಟವೂ ಕಲ್ಲಿನಲ್ಲಿ ಉಳಿದಿದೆ.

ಬೇಪಿಯಾವೋ ಸಮೀಪದ ಸಿಹೆತುನ್ ಎಂಬ ಹಳ್ಳಿಗೆ ಬನ್ನಿ. ಇಲ್ಲಿ ಒಬ್ಬ ರೈತನಿಗೆ ದೊರೆತ ಕಲ್ಲಿನಿಂದ 1996ರಲ್ಲಿ ಜಗತ್ತಿಗೆ ಸೈನೋಸಾರೋಪ್ಟರಿಕ್ಸ್ ಪರಿಚಯವಾಯಿತು. ಹಕ್ಕಿಯಲ್ಲದ ಡೈನೋಸಾರ್‌ನ ಮೈಮೇಲೆ ತುಪ್ಪಳದಂತಹ ಗರಿಯನ್ನು ವಿಜ್ಞಾನಿಗಳು ಕಂಡದ್ದು ಅದೇ ಮೊದಲು. ಅಲ್ಲಿಂದ ಈ ಬೆಟ್ಟಗಳ ಹಣೆಬರಹವೇ ಬದಲಾಯಿತು.

ನಾಲ್ಕು ರೆಕ್ಕೆಯ ಬೇಟೆಗಾರ

ಈ ನೆಲದ ಎಲ್ಲ ಜೀವಿಗಳಲ್ಲಿ ಅತ್ಯಂತ ವಿಸ್ಮಯಕಾರಿಯಾದುದು ಮೈಕ್ರೋರಾಪ್ಟರ್. ಡೈನೋಸಾರ್ ಎಂದರೆ ಮನೆಗಿಂತ ಎತ್ತರದ ಪ್ರಾಣಿ ಎಂದು ನಮ್ಮ ಮಕ್ಕಳು ತಿಳಿದಿರುತ್ತಾರೆ. ಇದಾದರೋ ಕಾಗೆಯಷ್ಟು ದೊಡ್ಡದು. 2003ರಲ್ಲಿ ವಿಜ್ಞಾನಿ ಷು ಷಿಂಗ್ ಮತ್ತು ಸಂಗಡಿಗರು ವರ್ಣಿಸಿದ ಮಾದರಿ, ಉದ್ದನೆಯ ಬಾಲವೂ ಸೇರಿ, ಸುಮಾರು 77 ಸೆಂಟಿಮೀಟರ್ ಇದೆ. ತೋಳುಗಳಲ್ಲಿ ಉದ್ದನೆಯ ಗರಿಗಳು. ಕಾಲುಗಳಲ್ಲೂ ಅಷ್ಟೇ ಸುವ್ಯವಸ್ಥಿತವಾದ ಗರಿಗಳು! ಅಂದರೆ ನಾಲ್ಕು ರೆಕ್ಕೆಗಳು. ಬಾಯಲ್ಲಿ ಹಲ್ಲು, ರೆಕ್ಕೆಯ ತುದಿಯಲ್ಲಿ ಉಗುರು. 2012ರಲ್ಲಿ ಗರಿಗಳ ಬಣ್ಣದ ಕಣಗಳನ್ನು ಪರೀಕ್ಷಿಸಿದವರು, ಅದರ ಮೈಬಣ್ಣ ಮಿರುಗುವ ಕಪ್ಪು ಎಂದು ತಿಳಿಸಿದರು. ಬಿಸಿಲಿನಲ್ಲಿ ಕಾಗೆಯ ಬೆನ್ನು ನೀಲಿಯಾಗಿ ಹೊಳೆಯುವುದನ್ನು ನೀವು ಗಮನಿಸಿದ್ದರೆ ಇದನ್ನು ಊಹಿಸುವುದು ಸುಲಭ.

ಇದು ಹಾರುತ್ತಿತ್ತೇ, ತೇಲುತ್ತಿತ್ತೇ? ನಮ್ಮ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಹಾರುವ ಓತಿಯನ್ನು ಕಂಡವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಓತಿ ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಡಿಸಿ ಒಂದು ಮರದಿಂದ ಇನ್ನೊಂದು ಮರಕ್ಕೆ ಗಾಳಿಯಲ್ಲಿ ಜಾರುತ್ತದೆ. ಮೈಕ್ರೋರಾಪ್ಟರ್ ಕೂಡ ಹೀಗೆಯೇ ಮರದಿಂದ ಮರಕ್ಕೆ ತೇಲುತ್ತಿತ್ತು ಎಂಬುದು ಮೊದಲ ಅಭಿಪ್ರಾಯ. 2013ರಲ್ಲಿ ಅದರ ಪ್ರತಿಕೃತಿಯನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಅದು ಚೆನ್ನಾಗಿ ತೇಲಬಲ್ಲದು ಎಂದು ಕಂಡುಬಂತು. ಆದರೆ 2020ರಲ್ಲಿ ಬೇರೊಂದು ಸುಳಿವು ದೊರೆಯಿತು. ಅದು ತನ್ನ ರೆಕ್ಕೆಯ ಗರಿಗಳನ್ನು ಒಮ್ಮೆಲೇ ಉದುರಿಸದೆ, ಇಂದಿನ ಬಹುತೇಕ ಹಕ್ಕಿಗಳಂತೆ ಒಂದೊಂದಾಗಿ ಬದಲಿಸುತ್ತಿತ್ತು. ವರ್ಷವಿಡೀ ಗಾಳಿಯಲ್ಲಿ ಸಾಗಬೇಕಾದ ಜೀವಿಗೆ ಮಾತ್ರ ಇಂತಹ ವ್ಯವಸ್ಥೆಯ ಅಗತ್ಯ. ಆದ್ದರಿಂದ ಸ್ವಲ್ಪಮಟ್ಟಿಗೆ ರೆಕ್ಕೆ ಬಡಿದು ಹಾರುವ ಶಕ್ತಿಯೂ ಅದಕ್ಕಿತ್ತು ಎನ್ನುವವರಿದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ಅಜ್ಜನಲ್ಲ, ದಾಯಾದಿ

ಹಾಗಾದರೆ ಇದು ಹಕ್ಕಿಗಳ ಪೂರ್ವಜನೇ? ಅಲ್ಲ. ಇದಕ್ಕಿಂತ ಸುಮಾರು ಮೂರು ಕೋಟಿ ವರ್ಷಗಳ ಹಿಂದೆಯೇ ಆರ್ಕಿಯೋಪ್ಟರಿಕ್ಸ್ ಬದುಕಿತ್ತು. ಅಷ್ಟೇ ಅಲ್ಲ, 2011ರಲ್ಲಿ ಪ್ರಕಟವಾದ ಒಂದು ಮೈಕ್ರೋರಾಪ್ಟರ್‌ನ ಹೊಟ್ಟೆಯಲ್ಲಿ ಹಕ್ಕಿಯ ಮೂಳೆಗಳೇ ಇದ್ದವು. ಅಜ್ಜನಾಗಬೇಕಾದವನ ಹೊಟ್ಟೆಯಲ್ಲಿ ಮೊಮ್ಮಗ ಸಿಕ್ಕರೆ ವಂಶವೃಕ್ಷವನ್ನು ಮತ್ತೆ ಬರೆಯಲೇಬೇಕಲ್ಲವೇ? ಇಬ್ಬರೂ ಒಂದೇ ಹಳೆಯ ಮನೆತನದಿಂದ ಕವಲೊಡೆದ ದಾಯಾದಿಗಳು ಎಂಬುದು ವಿಜ್ಞಾನಿಗಳ ತೀರ್ಮಾನ. ಮುಂದೆ ಇನ್ನೊಂದರ ಹೊಟ್ಟೆಯಲ್ಲಿ ಮೀನು, ಮತ್ತೊಂದರಲ್ಲಿ ಹಲ್ಲಿ ಕಾಣಿಸಿದವು. 2019ರಲ್ಲಿ ಆ ಹಲ್ಲಿಗೆ ಇಟ್ಟ ಹೆಸರು ಇಂದ್ರಸಾರಸ್. ವೃತ್ರನು ಇಂದ್ರನನ್ನು ನುಂಗಿದ ಭಾರತದ ಪ್ರಾಚೀನ ಕಥೆಯಿಂದ ಚೀನಾದ ಹಲ್ಲಿಗೆ ಹೆಸರು ಬಂತು!

ಈ ರಕ್ತಸಂಬಂಧಕ್ಕೆ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ. ಕೋಳಿಯ ಕತ್ತಿನ ಬುಡದಲ್ಲಿ, ಎದೆಯ ಮುಂದೆ ಸಿಗುವ ಕವೆಯಾಕಾರದ ತೆಳ್ಳನೆಯ ಮೂಳೆಯನ್ನು ನೀವು ಬಲ್ಲಿರಿ. ಅದೇ ಮೂಳೆ ಮೈಕ್ರೋರಾಪ್ಟರ್‌ನಲ್ಲೂ, ಅದರ ಕುಟುಂಬದ ಇತರ ಡೈನೋಸಾರ್‌ಗಳಲ್ಲೂ ಇದೆ. ಕೈಯ ಮೂರು ಬೆರಳು, ಟೊಳ್ಳು ಮೂಳೆ, ಗರಿ ಇವೆಲ್ಲ ಎರಡಕ್ಕೂ ಸಮಾನ.

ಅಂಟಿನಿಂದ ಹುಟ್ಟಿದ ಸುಳ್ಳು

ಈ ಊರಿನ ಕಥೆಗೆ ಒಂದು ಕಹಿ ಅಧ್ಯಾಯವೂ ಇದೆ. ಒಣಭೂಮಿಯ ರೈತನಿಗೆ ವರ್ಷವಿಡೀ ದುಡಿದರೂ ಸಿಗದ ಹಣ ಒಂದು ಕಲ್ಲಿನಿಂದ ಸಿಗುತ್ತದೆ ಎಂದಾದಾಗ ಹಳ್ಳಿಗರು ಗುದ್ದಲಿ ಹಿಡಿದು ಬೆಟ್ಟ ಹತ್ತಿದರು. ಪೂರ್ತಿ ಇರುವ ಪ್ರಾಣಿಗೆ ಬೆಲೆ ಹೆಚ್ಚು. ಒಡೆದ ಚೂರುಗಳಿಗೆ ಅಂಟು ಬಿತ್ತು. ಹೀಗೆ ತಯಾರಾದ ಒಂದು ಕಲ್ಲು ಕಳ್ಳಸಾಗಣೆಯಾಗಿ ಅಮೆರಿಕದ ಟೂಸಾನ್ ನಗರದ ಮಾರಾಟ ಮೇಳ ಸೇರಿ, 80,000 ಡಾಲರಿಗೆ ಬಿಕರಿಯಾಯಿತು. 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ 1999ರ ನವೆಂಬರ್ ಸಂಚಿಕೆಯಲ್ಲಿ ಅದನ್ನು ಆರ್ಕಿಯೋರಾಪ್ಟರ್ ಎಂಬ ಹೆಸರಿನಲ್ಲಿ, ಡೈನೋಸಾರ್ ಮತ್ತು ಹಕ್ಕಿಗಳ ನಡುವಿನ ಕೊಂಡಿಯೆಂದು ಸಾರಿತು.

ಸತ್ಯ ಹೊರಬಂದ ಬಗೆ ಸ್ವಾರಸ್ಯಕರ. ಶಾಯಿ ಆರದ ಹಾಳೆಯನ್ನು ಮಡಚಿ ಬಿಡಿಸಿದರೆ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಪದರಗಲ್ಲು ಸೀಳಿದಾಗಲೂ ಹಾಗೆಯೇ, ಪಳೆಯುಳಿಕೆ ಎರಡು ಹಲ್ಲೆಗಳಲ್ಲಿ ಉಳಿಯುತ್ತದೆ. ಷು ಷಿಂಗ್ ಲಿಯಾವೋನಿಂಗ್‌ನಲ್ಲಿ ಹುಡುಕುತ್ತಾ ಒಂದು ಪುಟ್ಟ ಡೈನೋಸಾರ್‌ನ ಕಲ್ಲನ್ನು ಪಡೆದರು. ಅದರ ಬಾಲ ಆರ್ಕಿಯೋರಾಪ್ಟರ್‌ನ ಬಾಲದ ಎದುರು ಹಲ್ಲೆಯೇ ಆಗಿತ್ತು. ಆದರೆ ಉಳಿದ ದೇಹ ಬೇರೆ! ಹಕ್ಕಿಯೊಂದರ ದೇಹಕ್ಕೆ ಡೈನೋಸಾರ್‌ನ ಬಾಲ ಅಂಟಿಸಲಾಗಿತ್ತು. ಅವರು 1999ರ ಡಿಸೆಂಬರಿನಲ್ಲೇ ಇದನ್ನು ತಿಳಿಸಿದರು. ಪತ್ರಿಕೆ ತಪ್ಪನ್ನು ಒಪ್ಪಿ, 2000ದಲ್ಲಿ ತನಿಖೆಯ ವಿವರವನ್ನು ಪ್ರಕಟಿಸಿತು. ಕಲ್ಲು ಚೀನಾಕ್ಕೆ ಮರಳಿತು. ಆ ಬಾಲದ ನಿಜವಾದ ಒಡೆಯನಿಗೆ ಅದೇ ವರ್ಷ ಇಟ್ಟ ಹೆಸರೇ ಮೈಕ್ರೋರಾಪ್ಟರ್.

ನಷ್ಟ ಯಾರಿಗಾಯಿತು ಯೋಚಿಸಿ. ಗರಿಯಿರುವ ಡೈನೋಸಾರ್‌ಗಳು ನಿಜವಾಗಿಯೂ ಇದ್ದವು. ಆ ಸತ್ಯಕ್ಕೆ ಅಂಟಿನ ಸಹಾಯ ಬೇಕಿರಲಿಲ್ಲ. ಆದರೆ ಒಂದು ನಕಲಿಯಿಂದಾಗಿ ನೂರು ಅಸಲಿಗಳ ಮೇಲೂ ಜನರಿಗೆ ಸಂಶಯ ಬಂತು. ಗುದ್ದಲಿ ಹಿಡಿದ ರೈತನಿಗಿಂತ, ಪರೀಕ್ಷೆ ಮುಗಿಯುವ ಮೊದಲೇ ಸಂಭ್ರಮಿಸಿದ ವಿದ್ಯಾವಂತರ ಹೊಣೆ ಇಲ್ಲಿ ದೊಡ್ಡದು. ಚೀನಾದಲ್ಲಿ ಪಳೆಯುಳಿಕೆಗಳ ರಕ್ಷಣೆಗೆಂದೇ ರೂಪಿಸಿದ ನಿಯಮಾವಳಿ 2011ರ ಜನವರಿಯಿಂದ ಜಾರಿಗೆ ಬಂತು. ಯಾವ ಬೆಟ್ಟದ ಯಾವ ಪದರದಲ್ಲಿ ಸಿಕ್ಕಿತು ಎಂಬ ದಾಖಲೆ ಇಲ್ಲದಿದ್ದರೆ ಎಷ್ಟು ಸುಂದರವಾದ ಕಲ್ಲಾದರೂ ಅರ್ಧ ಮೂಕ.

ಇಂದು ಚಾವೋಯಾಂಗ್‌ನ ಹಕ್ಕಿ ಪಳೆಯುಳಿಕೆ ಉದ್ಯಾನದಲ್ಲಿ, ಅಗೆದ ಬೆಟ್ಟದ ಪದರಗಳನ್ನು ಇದ್ದಲ್ಲೇ ಕಾಪಾಡಲಾಗಿದೆ. ಪ್ರಾಂತ್ಯದ ರಾಜಧಾನಿ ಷೆನ್‌ಯಾಂಗ್‌ನಲ್ಲಿ 2011ರಲ್ಲಿ ತೆರೆದ ದೊಡ್ಡ ಸಂಗ್ರಹಾಲಯವೂ ಇದೆ. ಅಲ್ಲಿಗೆ ಹೋಗುವ ಅವಕಾಶ ನಮ್ಮಲ್ಲಿ ಎಲ್ಲರಿಗೂ ಸಿಗಲಾರದು. ಆದರೆ ಮುಂದಿನ ಸಲ ಕೋಳಿ ಶುಚಿಗೊಳಿಸುವಾಗ ಆ ಕವೆಯ ಮೂಳೆಯನ್ನು ಎಸೆಯದೆ ತೊಳೆದು ಮಕ್ಕಳ ಕೈಗೆ ಕೊಡಿ. ಇಂತಹದೇ ಮೂಳೆಯಿದ್ದ ನಾಲ್ಕು ರೆಕ್ಕೆಯ ಜೀವಿಯೊಂದರ ಕಥೆ ಹೇಳಿ. ಅಂಟು ಹಚ್ಚಿದ ಬಾಲದ ಕಥೆಯನ್ನೂ ಬಿಡಬೇಡಿ.